ಬಣ್ಣ ಒಣಗುವ ತನಕ

“ಬಾಗಿಲು ಬಿಡಿ ಅಂದೆ!”

ಟೈಲರಕ್ಕ ಗಂಡನೆದುರು ಹೀಗೆ ದನಿ ಎತ್ತಿದ್ದು ಮದುವೆಯಾದ ಮೇಲೆ ಅದೇ ಮೊದಲು. ಕೈಯಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ಚಪ್ಪಲಿ. ಕಣ್ಣು ಆಗಲೇ ತುಂಬಿಕೊಂಡಿತ್ತು. ಹೊಸ್ತಿಲಿಗೆ ಅಡ್ಡ ನಿಂತಿದ್ದ ಅವಳ ಗಂಡನ ಕೈ, ಹುಬ್ಬು, ಮೀಸೆ ಎಲ್ಲದರ ಮೇಲೂ ಕಾರಿಗೆ ಮೆತ್ತಿದ ಪುಟ್ಟಿಯ ಬಿಳಿ ಪುಡಿ ಕೂತಿತ್ತು. ಬೆಳಗ್ಗೆ ಎದ್ದವನೇ ಮುಖ ಕೂಡ ತೊಳೆಯದೆ ಉಪ್ಪು ಕಾಗದ ಹಿಡಿದು ಕಾರಿನ ಬಾಗಿಲು ಉಜ್ಜುತ್ತಿದ್ದವನು, ಹೆಂಡತಿ ಚೀಲ ಹಿಡಿದು ಹೊರಟದ್ದನ್ನು ಕಂಡು ಓಡಿ ಬಂದಿದ್ದ.

“ಎಲ್ಲಿಗೆ ಹೊರಟೆ?”

“ಇನ್ನೆಲ್ಲಿಗೆ? ನನ್ ತಂಗಿ ಮನೆಗೆ. ನಿನ್ನೆ ಫೋನಲ್ಲಿ ಅವಳ ದನಿ ಕೇಳಿದ್ರಾ ನೀವು? ಅಕ್ಕಾ ಅನ್ನೋಕೂ ಉಸಿರು ಸಾಲ್ತಿಲ್ಲ ಅವಳಿಗೆ...”

“ಬಸ್ಸಲ್ಲಿ ಹೋಗ್ತೀಯಾ?”

“ಹೂಂ, ಬಸ್ಸಲ್ಲೇ. ಲೋಕದ ಜನ ಎಲ್ಲಾ ಬಸ್ಸಲ್ಲಿ ಹೋಗಲ್ವಾ? ನೀವೇ ದಿನಾ ಒಂದು ಬಸ್ಸಿನ ತುಂಬಾ ಜನಾನ ಫ್ಯಾಕ್ಟರಿಗೆ ಇಳಿಸಿ ಬರಲ್ವಾ?”

“ಅದು ಬೇರೆ, ಇದು ಬೇರೆ. ಆ ಊರಿಗೆ ಅರ್ಧ ದಿನ ಹಿಡಿಯುತ್ತೆ ಕಣೇ. ಮಧ್ಯದಲ್ಲಿ ಇಳಿದು ಹತ್ತಬೇಕು. ನಿನ್ನ ಸೊಂಟ ಅಲ್ಲಿ ಹೋಗಿ ಮುಟ್ಟೋದ್ರೊಳಗೆ ಕಳಚಿ ಕೈಗೆ ಬರುತ್ತೆ.”

ಒಳಗಿನಿಂದ ಮಗಳು, ಕೆಲಸಕ್ಕೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದವಳು, ಕೂಗಿದಳು. “ಅಪ್ಪಾ, ಈಗ ಹೊಸ ರಸ್ತೆ ಆಗಿದೆಯಂತೆ. ನೇರ ಬಸ್ಸಿದೆಯಂತೆ.”

“ಅಂತೆ, ಅಂತೆ! ಯಾರಮ್ಮಾ ನಿನಗೆ ಹೇಳಿದ್ದು? ಇಷ್ಟು ವರ್ಷ ಸ್ಟೇರಿಂಗ್ ಹಿಡಿದಿರೋನು ನಾನಾ, ನೀನಾ?” ಎಂದು ಮಗಳ ಬಾಯಿ ಮುಚ್ಚಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದ. “ಇನ್ನೊಂದೇ ವಾರ. ಬಣ್ಣ ಆಗ್ಲಿ. ನಿನ್ನ ಮಹಾರಾಣಿ ಥರ ಕೂರಿಸ್ಕೊಂಡು ಹೋಗಿ ನಿನ್ನ ತಂಗಿ ಗಂಡನ ಗೇಟಿನ ಮುಂದೆ ಇಳಿಸ್ತೀನಿ. ಇದೊಂದು ಆಸೆ ನಡೆಸಿಕೊಡು... ಇನ್ನೇನೂ ಕೇಳಲ್ಲ ನಿನ್ನ.”

ಅವಳು ಗಂಡನ ಮುಖ ನೋಡಿದಳು. ಪುಡಿ ಮೆತ್ತಿದ ಆ ಮುಖದಲ್ಲಿ ಯಾವ ದರ್ಪವೂ ಇರಲಿಲ್ಲ. ಬರೀ ಬೇಡಿಕೆ ಇತ್ತು. ದರ್ಪ ಇದ್ದಿದ್ದರೆ ಅವಳು ಅವನನ್ನು ತಳ್ಳಿಕೊಂಡು ಹೋಗಿಬಿಡುತ್ತಿದ್ದಳೋ ಏನೋ! ಬೇಡಿಕೊಳ್ಳುವ ಗಂಡನನ್ನು ದಾಟಿ ಹೋಗುವುದು ಅವಳಿಗೆ ಗೊತ್ತಿರಲಿಲ್ಲ. ಚೀಲವನ್ನು ಹೊಲಿಗೆ ಮಿಷನ್ನಿನ ಪಕ್ಕ ಇಟ್ಟಳು, ಚಪ್ಪಲಿ ಬಿಟ್ಟಳು, ಅನ್ನಕ್ಕಿಡಲು ಒಳಗೆ ಹೋದಳು.

ಇಷ್ಟಕ್ಕೂ ಈ ಕಾರು ಆ ಮನೆಗೆ ಬಂದದ್ದೇಕೆ ಎನ್ನುವುದನ್ನು ಹೇಳಬೇಕು. ಟೈಲರಕ್ಕನಿಗೆ ಒಡಹುಟ್ಟಿದವಳೆಂದರೆ ಈ ತಂಗಿಯೊಬ್ಬಳೇ. ತಾಯಿ ತೀರಿಕೊಂಡಾಗ ಆ ತಂಗಿಗೆ ಇನ್ನೂ ಹಾಲುಹಲ್ಲು. ತಾನೇ ಲಂಗದ ಹುಡುಗಿಯಾಗಿದ್ದ ಅಕ್ಕ ಅವಳನ್ನು ಸೊಂಟದ ಮೇಲೆ ಹೊತ್ತು ಸಾಕಿದಳು, ಜಡೆ ಹಾಕಿದಳು, ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿದ್ದಳು. ತಂಗಿ ದೊಡ್ಡ ಮನೆ ಸೇರಿದಳು. ಅವಳ ಗಂಡ ಸಿಮೆಂಟು, ಕಬ್ಬಿಣದ ವ್ಯಾಪಾರಿ. ಕೈ ದೊಡ್ಡದು, ನಾಲಿಗೆ ಅದಕ್ಕಿಂತ ದೊಡ್ಡದು! ಅವನು ಹೊಸ ಮನೆ ಕಟ್ಟಿಸಿ ಬಂಧುಬಳಗವನ್ನೆಲ್ಲ ಊಟಕ್ಕೆ ಕರೆದ ದಿನ, ಇವರಿಗೆ ಸರಿಯಾದ ಬಸ್ಸು ಸಿಗದೆ, ಗುರುತಿನವನ ಗೂಡ್ಸ್ ಗಾಡಿಯಲ್ಲಿ ಮೂಟೆಗಳ ನಡುವೆ ಕೂತು ಹೋಗಿದ್ದರು. ಗೇಟಿನ ಮುಂದೆ ಹೆಂಡತಿಯ ಕೈ ಹಿಡಿದು ಇಳಿಸುತ್ತಿರುವಾಗ, ಷಡ್ಡಕ ತುಂಬಿದ ಜನರ ನಡುವಿನಿಂದ ಗಟ್ಟಿಯಾಗಿ ಹೇಳಿದ್ದ. “ಏನಪ್ಪಾ ಇದು! ಗೋಡೌನಿಗೆ ಹೋಗಬೇಕಾದ ಲೋಡು ಮನೆಗೇ ಬಂದುಬಿಟ್ಟಿದೆ!”

ನಕ್ಕವರು ಎಷ್ಟೋ ಜನ. ಟೈಲರಕ್ಕ ಕೂಡ ನಕ್ಕಳು, ಅವಳು ಬಂದದ್ದು ತಂಗಿಯನ್ನು ನೋಡಲು, ಮಾತು ಹಿಡಿದು ಕೂರಲು ಅಲ್ಲ. ಆದರೆ ಅವಳ ಗಂಡ ಡ್ರೈವರಣ್ಣನ ಎದೆಗೆ ಆ ಮಾತು ಮೊಳೆಯಂತೆ ಇಳಿಯಿತು. ಆ ದಿನ ಊಟದ ಎಲೆಯಿಂದ ಅರ್ಧಕ್ಕೇ ಎದ್ದು ಬಂದವನು ಮತ್ತೆ ಆ ಊರಿನ ಕಡೆ ತಲೆ ಹಾಕಲಿಲ್ಲ. ತಂಗಿಯೇ ವರ್ಷಕ್ಕೊಮ್ಮೆ ಬಂದು ಅಕ್ಕನನ್ನು ನೋಡಿಕೊಂಡು ಹೋಗುತ್ತಿದ್ದಳು. ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದ ಮೇಲೆ ಅದೂ ನಿಂತಿತು. “ಭಾವ, ನೀವಾದ್ರೂ ಅಕ್ಕನ್ನ ಕರ್ಕೊಂಡ್ ಬನ್ನಿ” ಎಂದು ಅವಳು ಫೋನಿನಲ್ಲಿ ಅತ್ತ ದಿನವೇ ಅವನು ತೀರ್ಮಾನ ಮಾಡಿಬಿಟ್ಟ. ಹೋಗೋಣ, ಖಂಡಿತ ಹೋಗೋಣ. ಆದರೆ ನಮ್ಮ ಸ್ವಂತ ಕಾರಿನಲ್ಲಿ!

ಡ್ರೈವರಣ್ಣನ ಸಂಬಳಕ್ಕೆ ಹೊಸ ಕಾರಿನ ಕನ್ನಡಿಯೂ ಬರುತ್ತಿರಲಿಲ್ಲ. ಮಗಳು ಕೆಲಸ ಮಾಡುವ ಔಷಧಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಮಾಲೀಕರ ಹಳೇ ಕಾರೊಂದು ಟಾರ್ಪಾಲು ಹೊದ್ದು ವರ್ಷಗಟ್ಟಲೆ ಮಲಗಿತ್ತು. ಶೆಡ್ಡು ಖಾಲಿಯಾದರೆ ಸಾಕು ಎಂದಿದ್ದ ಅವರು ಗುಜರಿಯ ಬೆಲೆಗೇ ಅದನ್ನು ಕೊಟ್ಟರು. ಹಗ್ಗ ಕಟ್ಟಿ ಎಳೆದು ತಂದಾಗ ಬೀದಿಯ ಜನ ಸುತ್ತ ಸೇರಿದರು. ವೈರುಗಳನ್ನೆಲ್ಲ ಇಲಿ ಕಡಿದಿತ್ತು. ಸೀಟಿನೊಳಗೆ ಮರಿ ಹಾಕಿತ್ತು. ಬ್ಯಾಟರಿ ಸತ್ತಿತ್ತು, ರೇಡಿಯೇಟರು ಸೋರುತ್ತಿತ್ತು, ಎಡಗಡೆಯ ಬಾಗಿಲು ತುಕ್ಕು ಹಿಡಿದು ಕೈ ಇಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಗ್ಯಾರೇಜಿನವನು ಒಂದು ಸುತ್ತು ಬಂದು, “ಅಣ್ಣಾ, ಇದು ಕಾರಲ್ಲ, ಇಲಿಗಳ ಅಪಾರ್ಟ್‌ಮೆಂಟು. ಬಾಡಿಗೆ ವಸೂಲಿ ಮಾಡಿ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಆದರೆ ಕೆಲಸ ಬಲ್ಲವನಿಗೆ ಹಳೆಯದು ಎನ್ನುವುದೇನು ದೊಡ್ಡದು! ಡ್ಯೂಟಿ ಮುಗಿಸಿ ಬಂದವನು ಗ್ಯಾರೇಜಿನವನ ಜೊತೆ ಕೂತು ವೈರು ಹೊಸದಾಗಿ ಎಳೆದ, ಕ್ಲಚ್ ಪ್ಲೇಟು ಬದಲಾಯಿಸಿದ, ಗುಜರಿಯಲ್ಲಿ ಇದೇ ಜಾತಿಯ ಕಾರಿನ ಹಸಿರು ಬಾಗಿಲೊಂದನ್ನು ಹುಡುಕಿ ತಂದು ಕೂರಿಸಿದ. ಒಂದು ಸಂಜೆ ಕೀಲಿ ತಿರುಗಿಸಿದಾಗ ಇಂಜಿನ್ ಕೆಮ್ಮಿ, ಉಗುಳಿ, ಹೊಗೆ ಎಬ್ಬಿಸಿ, ಕಡೆಗೆ ಗುರ್ರೆಂದು ಹಿಡಿದುಕೊಂಡಿತು. ಬೀದಿಯ ತುದಿಯವರೆಗೆ ಹೋಗಿ ಬಂದ. ಟೈಲರಕ್ಕ ಚಪ್ಪಾಳೆ ತಟ್ಟಿ ಕುಣಿಯುವುದೊಂದು ಬಾಕಿ.

“ಓಡ್ತಲ್ಲಾ ರೀ! ನಾಳೇನೇ ಹೋಗೋಣ!”

“ಹೀಗೇನಾ?” ಅವನು ಕಾರಿನಿಂದಿಳಿದು ದೂರ ನಿಂತು ನೋಡಿದ. ಮಾಸಿದ ಮೈ, ಅದರ ಪಕ್ಕಕ್ಕೆ ಒಂದು ಹಸಿರು ಬಾಗಿಲು. “ಈ ತೇಪೆ ಗಾಡೀಲಿ ಅವನ ಗೇಟಿಗೆ ಹೋದ್ರೆ ಈ ಸಲ ಏನಂತಾನೆ ಗೊತ್ತಾ? ಬೇಡ. ಪ್ಯಾಸೆಂಜರ್ ಹತ್ತಿಸೋ ಮುಂಚೆ ಗಾಡಿ ನೂರಕ್ಕೆ ನೂರು ಇರಬೇಕು. ನಮ್ಮ ಲೈನಿನ ರೂಲು ಅದು.”

ಅವನು ಹೇಳಿದ ರೂಲು ಬ್ರೇಕಿಗೆ, ಟೈರಿಗೆ, ಲೈಟಿಗೆ ಸಂಬಂಧಿಸಿದ್ದು. ಬಣ್ಣಕ್ಕೆ ಅಲ್ಲ. ಅದು ಅವನಿಗೂ ಗೊತ್ತಿತ್ತು! ದಿನವೂ ಬೆಳಗ್ಗೆ ಬಸ್ಸಿನ ಸುತ್ತ ನಡೆದು ಒಂದೊಂದು ಟೈರಿಗೂ ಒದ್ದು ನೋಡಿ, ಆಮೇಲೇ ಜನರನ್ನು ಹತ್ತಿಸುತ್ತಿದ್ದ ಮನುಷ್ಯ ಅವನು. ಆ ಒಳ್ಳೆಯ ಅಭ್ಯಾಸದ ಹಿಂದೆ ತನ್ನ ಹಟವನ್ನು ಅಡಗಿಸಿಟ್ಟುಕೊಂಡ. ಕಾರು ಓಡಲು ಶುರುವಾದ ಮೇಲೆ ಟಾಪಿನ ಒಳಬಟ್ಟೆ ಆಯಿತು, ಬಾಗಿಲ ರಬ್ಬರಾಯಿತು, ಬಂಪರಿಗೆ ಪಾಲಿಶ್ ಆಯಿತು. ಸೀಟಿನ ಕವರನ್ನು ಟೈಲರಕ್ಕನೇ ಹೊಲಿದಳು, ಶಾಲೆಯ ಯೂನಿಫಾರ್ಮುಗಳನ್ನೆಲ್ಲ ಪಕ್ಕಕ್ಕಿಟ್ಟು ಹೊಲಿದಳು. ಅವನು ಅಂಚಿನ ಮೇಲೆ ಬೆರಳಾಡಿಸಿ, “ಇಲ್ಲಿ ಸ್ವಲ್ಪ ಸೊಟ್ಟ ಬಂದಿದೆ, ಬಿಚ್ಚಿ ಹೊಲಿ” ಎಂದ. ಹೇಳಿ, ಇಂಥ ಗಂಡಸಿಗೆ ಏನನ್ನಬೇಕು? ಅವಳು ತುಟಿ ಕಚ್ಚಿಕೊಂಡು ಬಿಚ್ಚಿದಳು, ಮತ್ತೆ ಹೊಲಿದಳು. ಬಿಚ್ಚುವ ಒಂದೊಂದು ಹೊಲಿಗೆಗೂ ತಂಗಿಯ ಮುಖ ಕಣ್ಣಿಗೆ ಕಟ್ಟುತ್ತಿತ್ತು.

ಗ್ಯಾರೇಜಿನವನೇ ಒಂದು ದಿನ ತಾಳಲಾರದೆ ಕೇಳಿದ. “ಅಣ್ಣಾ, ಇನ್ನೇನು ಬಾಕಿ ಇದೆ ಇದಕ್ಕೆ? ಕನ್ನಡಕ ಒಂದು ಹಾಕಿಸಿಬಿಡಿ, ಮುಗೀತು. ಅಕ್ಕನ್ನ ಕರ್ಕೊಂಡ್ ಹೋಗ್ಬನ್ನಿ ಮೊದ್ಲು. ಬಣ್ಣ ಬಂದ್ಮೇಲೂ ಹೊಡೀಬಹುದು.”

ಡ್ರೈವರಣ್ಣ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ತಂಗಿಯ ಫೋನು ಬಂದಾಗಲೆಲ್ಲ ಟೈಲರಕ್ಕ ಗಂಡನ ಮಾನ ಕಾಪಾಡುತ್ತಿದ್ದಳು. “ಇಂಜಿನ್ ಇನ್ನೂ ಸರಿಯಾಗಿಲ್ಲ ಕಣೇ ಪುಟ್ಟೀ, ದೂರದ ದಾರಿ, ಮಧ್ಯದಲ್ಲಿ ನಿಂತ್ರೆ ಕಷ್ಟ” ಎಂದು ಸುಳ್ಳು ಹೇಳುತ್ತಿದ್ದಳು. ತಂಗಿ ನಂಬುತ್ತಿದ್ದಳು. ಉಸಿರು ಎಳೆದುಕೊಳ್ಳುತ್ತಲೇ ತಮಾಷೆ ಮಾಡುತ್ತಿದ್ದಳು. “ಯಾವ ಬಣ್ಣವೇ ಅಕ್ಕಾ? ಹಳದಿ ಹೊಡೆಸ್ಬೇಡ ಅನ್ನೇ ಭಾವಂಗೆ... ಟ್ಯಾಕ್ಸಿ ಅಂದ್ಕೊಂಡು ದಾರೀಲಿ ಎಲ್ರೂ ಕೈ ಅಡ್ಡ ಹಾಕ್ತಾರೆ. ಅವರನ್ನೆಲ್ಲಾ ಇಳಿಸಿ ನೀವಿಲ್ಲಿಗೆ ಬರೋದ್ರೊಳಗೆ ನಾನು ಮುದುಕಿ ಆಗಿರ್ತೀನಿ!” ನಕ್ಕು, ಕೆಮ್ಮಿ, ಆಮೇಲೆ ಸಣ್ಣಗೆ ಅನ್ನುತ್ತಿದ್ದಳು. “ನನ್ ತಲೆ ಸಿಕ್ಕುಗಟ್ಟಿದೆ ಕಣೇ. ನಿನ್ನ ಹಾಗೆ ಯಾರಿಗೂ ಬಾಚೋಕ್ ಬರಲ್ಲ. ಬೇಗ ಬಾರೇ...”

ಚೀಲ ಹಿಡಿದು ಹೊರಟ ಆ ಬೆಳಗ್ಗೆಯಾದ ಮೇಲೆ ಅವನು ಕೇಳಿದ್ದ ವಾರವೂ ಮುಗಿಯುತ್ತ ಬಂತು. ಅಂತೂ ಕಾರಿಗೆ ಬಣ್ಣ ಬಿತ್ತು. ತಂಗಿಗೆ ಇಷ್ಟವೆಂದು ಟೈಲರಕ್ಕನೇ ಹೇಳಿದ ಕಡುನೀಲಿ. ಹಸಿರು ಬಾಗಿಲು ಎಲ್ಲಿತ್ತೋ ಹುಡುಕಿದರೂ ಸಿಗದು, ಹಾಗೆ ಹೊಳೆಯುತ್ತಿತ್ತು. ಅದೇ ಸಂಜೆ ಷಡ್ಡಕನ ಫೋನು ಬಂತು. ಅವನಾಗಿಯೇ ಫೋನು ಮಾಡಿದ್ದು ಅಪರೂಪ.

“ಇವತ್ತು ಸುಸ್ತು ಸ್ವಲ್ಪ ಜಾಸ್ತಿ ಅಂತಿದಾಳೆ. ಡಾಕ್ಟ್ರು ನೋಡಿ ಹೋದ್ರು, ಭಯ ಏನಿಲ್ಲ ಅಂದ್ರು. ಆದ್ರೆ ಅಕ್ಕ ಅಕ್ಕ ಅಂತ ಒಂದೇ ಸಮ... ಬರೋಕಾಗುತ್ತಾ?”

ಟೈಲರಕ್ಕ ಫೋನನ್ನು ಎದೆಗೊತ್ತಿಕೊಂಡು ಗಂಡನ ಕಡೆ ನೋಡಿದಳು. “ರೀ... ಈಗ್ಲೇ ಹೊರಡೋಣ.”

“ಈಗಲೇನಾ? ಬಣ್ಣ ಹಸಿ ಇದೆ ಕಣೇ! ಇಷ್ಟು ಧೂಳಲ್ಲಿ ರಸ್ತೆಗಿಳಿಸಿದ್ರೆ ಮೈಯೆಲ್ಲಾ ಮರಳು ಅಂಟಿಕೊಳ್ಳುತ್ತೆ, ಇಷ್ಟು ದಿನದ್ದೆಲ್ಲಾ ನೀರಲ್ಲಿ ಹೋಮ. ಡಾಕ್ಟ್ರೇ ಭಯ ಇಲ್ಲ ಅಂದಿದಾರಲ್ಲ. ಬೆಳಗ್ಗೆ ಒಣಗಿರುತ್ತೆ. ಎದ್ದ ತಕ್ಷಣ ಹೊರಡೋಣ.”

ಮಗಳು, “ಅಮ್ಮಾ, ನಾನು ಬಸ್ ಸ್ಟ್ಯಾಂಡಿಗೆ ಬಿಡ್ತೀನಿ ಬಾ” ಎಂದಳು. ಟೈಲರಕ್ಕ ಒಂದು ಕ್ಷಣ ಎದ್ದೂ ಎದ್ದಳು. ಗಂಡ ಕಾರಿನ ಪಕ್ಕ ನಿಂತು ಅಪರಾಧಿಯಂತೆ ತಲೆ ತಗ್ಗಿಸಿದ್ದ. ಅವಳು ಮತ್ತೆ ಕೂತಳು. ಫೋನು ಕಿವಿಗಿಟ್ಟು ಹೇಳಿದಳು. “ಬಣ್ಣ ಒಣಗಬೇಕಂತೆ. ಬೆಳಗ್ಗೆ ಬಂದುಬಿಡ್ತೀವಿ ಅಂತ ಅವಳಿಗೆ ಹೇಳಿ.”

ಬೆಳಗ್ಗೆ ಕಾರಿನ ಬಣ್ಣ ಒಣಗಿತ್ತು. ಅವನು ಬೆರಳ ತುದಿಯಿಂದ ಮುಟ್ಟಿ ನೋಡಿ, ಮುಗುಳ್ನಕ್ಕು, ಹೆಂಡತಿಯನ್ನು ಕರೆಯಲು ಒಳಗೆ ಬಂದ. ಅವಳು ನೆಲದ ಮೇಲೆ ಕುಸಿದು ಕೂತಿದ್ದಳು. ಫೋನು ಮಗಳ ಕೈಯಲ್ಲಿತ್ತು.

“ಅಪ್ಪಾ... ಚಿಕ್ಕಮ್ಮ ಹೋಗ್ಬಿಟ್ರು.”

ಮೂವರೂ ಕಾರಿನಲ್ಲಿ ಹೊರಟರು. ಮಗಳು ಹಿಂದೆ, ಹೆಂಡತಿ ಪಕ್ಕದಲ್ಲಿ. ದಾರಿಯುದ್ದಕ್ಕೂ ಕಾರು ಬೆಣ್ಣೆಯಂತೆ ಓಡಿತು. ಏರಿನಲ್ಲಿ ತಿಣುಕಲಿಲ್ಲ, ರೇಡಿಯೇಟರು ಕಾಯಲಿಲ್ಲ, ಗೇರು ಒಮ್ಮೆಯೂ ಕಿರುಗುಟ್ಟಲಿಲ್ಲ. ಎಲ್ಲಾದರೂ ಕೆಟ್ಟು ನಿಂತಿದ್ದರೆ ಆ ಬಡಪಾಯಿ ಕಾರಿಗಾದರೂ ಬೈದು, ಒದ್ದು, ಬಾನೆಟ್ಟಿನೊಳಗೆ ತಲೆ ಹಾಕಿ ಗುಟ್ಟಾಗಿ ಅಳುತ್ತಿದ್ದ. ಅದು ಆ ಉಪಕಾರವನ್ನೂ ಮಾಡಲಿಲ್ಲ. ವಾರಗಳ ಹಿಂದೆಯೇ ಇದು ಹೀಗೇ ಓಡುತ್ತಿತ್ತು ಎನ್ನುವುದು ಸ್ಟೇರಿಂಗ್ ಹಿಡಿದ ಕೈಗೆ ಹೆಜ್ಜೆ ಹೆಜ್ಜೆಗೂ ತಿಳಿಯುತ್ತಿತ್ತು.

ಷಡ್ಡಕನ ಗೇಟಿನ ಮುಂದೆ ನಿಲ್ಲಿಸಲು ಜಾಗವೇ ಇರಲಿಲ್ಲ. ಬಂದವರ ಗಾಡಿಗಳು ಬೀದಿ ತುಂಬಿದ್ದವು. ಯಾರೋ ಕೈ ಬೀಸಿ ಮುಂದೆ ಹೋಗಿ ಎಂದರು. ಬೀದಿಯ ತುದಿಯಲ್ಲಿ, ನೀರಿನ ಟ್ಯಾಂಕರೊಂದರ ಹಿಂದೆ ಕಾರು ನಿಲ್ಲಿಸಿ ಮೂವರೂ ನಡೆದು ಬಂದರು. ಆ ಹೊಳೆಯುವ ಕಡುನೀಲಿಯನ್ನು ಅಲ್ಲಿ ಒಬ್ಬರಾದರೂ ತಿರುಗಿ ನೋಡಲಿಲ್ಲ.

ಮಲಗಿಸಿದ್ದ ತಂಗಿಯ ತಲೆಯ ಹತ್ತಿರ ಟೈಲರಕ್ಕ ಕೂತಳು. ಕೂತವಳು ಅಳಲಿಲ್ಲ, ಮೈ ಮುಟ್ಟಲಿಲ್ಲ. ತಲೆ ಎತ್ತಿ, “ಬಾಚಣಿಗೆ ಎಲ್ಲಿದೆ?” ಎಂದು ಕೇಳಿದಳು. ಷಡ್ಡಕನೇ ಎದ್ದು ಹೋಗಿ ತಂದುಕೊಟ್ಟ. ಆ ದೊಡ್ಡ ನಾಲಿಗೆಯ ಮನುಷ್ಯ ಇಳಿದುಹೋಗಿದ್ದ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದ.

“ನಾನೇ ಬಾಚ್ತಿದ್ದೆ... ನನಗೆ ಸರಿಯಾಗಿ ಬರ್ತಿರಲಿಲ್ಲ. ಸಿಕ್ಕು ಬಿಡಿಸೋಕ್ ಹೋಗಿ ನೋವು ಮಾಡ್ತಿದ್ದೆ. ಇರ್ಲಿ ಬಿಡಿ, ಅಕ್ಕ ಬರ್ತಾಳೆ ಅಂತಿದ್ಲು. ನಿನ್ನೆ ರಾತ್ರಿ ಕೂಡ ಕೇಳಿದ್ಲು, ಅಕ್ಕ ಹೊರಟ್ಲಂತಾ ಅಂತ. ಬಣ್ಣ ಒಣಗಬೇಕಂತೆ, ಬೆಳಗ್ಗೆ ಬರ್ತಾರಂತೆ ಅಂದೆ. ಹೌದಾ, ಒಣಗ್ಲಿ ಬಿಡಿ ಅಂದ್ಲು...”

ಡ್ರೈವರಣ್ಣ ಮುಂದೆ ಬಂದ. ಷಡ್ಡಕನ ಎರಡೂ ಕೈ ಹಿಡಿದು ತೊದಲಿದ. “ನನ್ನ ಕ್ಷಮಿಸಿಬಿಡಿ. ಅವತ್ತು ನೀವು... ನಾವು ಗೂಡ್ಸ್ ಗಾಡೀಲಿ ಬಂದಾಗ, ಲೋಡು ಅಂತ ಒಂದು ಮಾತು ಅಂದ್ರಿ. ಅದನ್ನೇ ಇಟ್ಕೊಂಡು... ಅದಕ್ಕೋಸ್ಕರ ನಾನು...”

ಷಡ್ಡಕ ಅರ್ಥವಾಗದೆ ಕಣ್ಣು ಮಿಟುಕಿಸಿದ. “ನಾನಾ? ಹಾಗಂದಿದ್ನಾ?” ಎಷ್ಟು ನೆನಪು ಮಾಡಿಕೊಂಡರೂ ಅವನಿಗೆ ಹೊಳೆಯಲಿಲ್ಲ. “ಅಂದಿರಬಹುದಪ್ಪಾ... ನನ್ ಬಾಯಿ ಸರಿ ಇರಲಿಲ್ಲ. ಅವಳೂ ಬೈತಿದ್ಲು. ನಂಗೆ ನೆನಪೇ ಇಲ್ಲ ನೋಡಿ. ಅದನ್ನ ಮನಸ್ಸಲ್ಲಿಟ್ಕೊಂಡಾ ನೀವು ಬರದೇ ಇದ್ದದ್ದು?”

ಒಬ್ಬನು ಆಡಿ ಮರೆತ ಮಾತಿಗೆ ಇನ್ನೊಬ್ಬನು ಇಷ್ಟು ವರ್ಷ ಬಣ್ಣ ಹಚ್ಚುತ್ತ ಕೂತಿದ್ದ! ಟೈಲರಕ್ಕ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ತಲೆ ಎತ್ತಲಿಲ್ಲ. ತಂಗಿಯ ಕೂದಲ ಸಿಕ್ಕನ್ನು ಬುಡದಲ್ಲಿ ಹಿಡಿದು, ನೋವಾಗದಂತೆ, ತುದಿಯಿಂದ ಬಿಡಿಸುತ್ತಲೇ ಇದ್ದಳು.

ಎಲ್ಲ ಮುಗಿಯಿತು. ಮಗಳು ಚಿಕ್ಕಪ್ಪನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದು ಉಳಿದುಕೊಂಡಳು. ಮರುದಿನ ಬೆಳಗ್ಗೆ ಗಂಡ ಹೆಂಡತಿ ಹೊರಟು ಬೀದಿಯ ತುದಿಗೆ ಬಂದಾಗ, ಟೈಲರಕ್ಕ ಕಾರಿನ ಹತ್ತಿರ ನಿಲ್ಲಲಿಲ್ಲ. ನೇರ ಮುಂದೆ ನಡೆದಳು.

“ಎಲ್ಲಿಗೆ? ಕಾರು ಇಲ್ಲಿದೆ...”

“ನೀವು ಕಾರು ತಗೊಂಡ್ ಬನ್ನಿ. ನಾನು ಬಸ್ಸಲ್ಲಿ ಬರ್ತೀನಿ.”

“ನನ್ ಮೇಲೆ ಕೋಪಾನಾ?” ಅವನ ಕಣ್ಣು ತುಂಬಿತು. “ಬಯ್ಯೇ, ಬಯ್ದುಬಿಡು! ನಿನ್ನೆಯಿಂದ ಒಂದು ಮಾತೂ ಅಂದಿಲ್ಲ ನೀನು. ಚಪ್ಪಲಿ ತಗೊಂಡ್ ಹೊಡಿ ಬೇಕಾದ್ರೆ...”

“ಕೋಪ ಇಲ್ಲ ರೀ. ಎಷ್ಟು ಹೊತ್ತಾಗುತ್ತೆ ಅಂತ ನೋಡ್ಬೇಕು ನನಗೆ.”

ಅಷ್ಟು ಹೇಳಿ ಅವಳು ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ನಿಂತಳು. ಬಸ್ಸು ಬಂತು. ನೇರ ಬಸ್ಸು, ಅವರ ಊರಿನ ಹೆಸರನ್ನೇ ಹಣೆಯ ಮೇಲೆ ಬರೆದುಕೊಂಡದ್ದು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಡ್ರೈವರಣ್ಣ ಖಾಲಿ ಕಾರನ್ನು ಬಸ್ಸಿನ ಹಿಂದೆಯೇ ಬಿಟ್ಟುಕೊಂಡು ಬಂದ. ಹೊಸ ರಸ್ತೆ ಅಗಲವಾಗಿತ್ತು, ಬಸ್ಸನ್ನು ಹಿಂದೆ ಹಾಕಲು ಬೇಕಾದಷ್ಟು ಜಾಗವಿತ್ತು. ಅವನು ಹಾಕಲಿಲ್ಲ. ಬಸ್ಸು ನಿಂತ ಕಡೆಯೆಲ್ಲ ನಿಂತ, ಅದರ ಹೊಗೆ ಕುಡಿಯುತ್ತ ಕಾದ, ಅದು ಹೊರಟಾಗ ಹೊರಟ. ಹೊಸ ಬಣ್ಣದ ಮೇಲೆ ಧೂಳು ಕೂತಿತು. ಅದರ ಕಡೆ ಅವನ ಗಮನವೇ ಹೋಗಲಿಲ್ಲ.

ಅವರ ಬೀದಿಯ ತಿರುವಿನಲ್ಲಿ ಬಸ್ಸು ನಿಂತಾಗ ಹೊತ್ತಿನ್ನೂ ನೆತ್ತಿಗೇರಿರಲಿಲ್ಲ. ಟೈಲರಕ್ಕ ಇಳಿದು ಅಲ್ಲೇ ನಿಂತಳು. ಹೊರಟು ಹೋಗುವ ಬಸ್ಸನ್ನು ನೋಡಿದಳು, ಆಕಾಶ ನೋಡಿದಳು, ಕಾರಿನಿಂದಿಳಿದು ಓಡಿ ಬಂದ ಗಂಡನನ್ನು ನೋಡಿದಳು. ಎರಡು ದಿನದಿಂದ ಕಟ್ಟಿಟ್ಟುಕೊಂಡಿದ್ದ ಕಣ್ಣೀರು ಆಗ ಬಂತು.

“ಇಷ್ಟೇ ರೀ... ಇಷ್ಟೇ ದೂರ! ನಿಮ್ಮನ್ನ ಕೆಲಸಕ್ಕೆ ಕಳಿಸಿ ಹೋಗಿದ್ರೂ, ಅವಳ ತಲೆ ಬಾಚಿ, ಅವಳ ಜೊತೆ ಕೂತು ಉಂಡು, ನೀವು ಮನೆಗೆ ಬರೋದ್ರೊಳಗೆ ವಾಪಸ್ ಬಂದಿರ್ತಿದ್ದೆ. ದಿನಾ ಹೋಗಿ ಬರಬಹುದಿತ್ತು ನಾನು... ದಿನಾ!”

“ನಾನೇ ಪಾಪಿ. ನಾನೇ ನಿನ್ನ ತಡೆದೆ...”

“ನೀವು ಬಾಗಿಲಲ್ಲಿ ಒಂದು ಸಲ ಅಡ್ಡ ನಿಂತ್ರಿ. ಮಿಕ್ಕ ದಿನ ಯಾರೂ ನಿಂತಿರಲಿಲ್ಲ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಿಮ್ಮ ಮನಸ್ಸು ನೋಯುತ್ತೆ ಅಂತ ಕೂತೆ. ಅವಳಿಗೆ ಸುಳ್ಳು ಹೇಳ್ಕೊಂಡು ಕೂತೆ. ಇದರಲ್ಲಿ ನಿಮ್ಮೊಬ್ಬರ ಪಾಲೇ ಇಲ್ಲ, ನಂದೂ ಇದೆ.”

ಬೈಗುಳ ಸಿಕ್ಕಿದ್ದರೆ ಅವನು ಅದನ್ನಾದರೂ ಹೊತ್ತುಕೊಂಡಿರುತ್ತಿದ್ದ. ಇದನ್ನು ಹೇಗೆ ಹೊರಬೇಕೋ ತಿಳಿಯದೆ, ನಡುಬೀದಿಯಲ್ಲಿ, ಹೋಗಿ ಬರುವವರ ಎದುರಿಗೇ ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟ. ಅವಳು ತಡೆಯಲಿಲ್ಲ. ಅಳು ಇಳಿಯುವ ತನಕ ಪಕ್ಕದಲ್ಲಿ ನಿಂತಿದ್ದಳು. ಆಮೇಲೆ ಕಾರಿನ ಬಾಗಿಲು ತಾನೇ ತೆಗೆದು ಮುಂದಿನ ಸೀಟಿನಲ್ಲಿ ಕೂತಳು.

“ನಡೀರಿ ಮನೆಗೆ. ನಿನ್ನೆಯಿಂದ ಹೊಟ್ಟೆಗೇನೂ ಹಾಕಿಲ್ಲ ನೀವು” ಎಂದಳು.